ಸಂಜೆಯಾದರೆ ಕೆಲಸ ಮಾಡದ ರಿಮೋಟ್: ಕಾರವಾರದ ಒಂದು ಮನೆಯ ಪ್ರಕರಣ

ಮನೆ ಮಾಜಾಳಿ ಕಡೆ, ಪಡುವಣಕ್ಕೆ ಮುಖ ಮಾಡಿದ್ದು. ಜಗಲಿಯಲ್ಲಿ ಕೂತರೆ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಕಾಣುತ್ತದೆ. ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ಮಾಸ್ತರು ಮತ್ತು ಅಕ್ಕೋರು, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಟಿವಿ ಜಗಲಿಯಲ್ಲಿದೆ. ಆದರೆ ಸೆಟ್‌ಟಾಪ್ ಬಾಕ್ಸ್, ಸ್ಟೀರಿಯೋ ಆಂಪ್ಲಿಫೈಯರ್, ಸಿಡಿ ಪ್ಲೇಯರ್ ಮೂರೂ ಗೋಡೆಯಾಚೆ, ನಡುಮನೆಯ ಮರದ ಕಪಾಟಿನೊಳಗೆ. ಇದು ಚಂದಕ್ಕೆ ಮಾಡಿದ ಏರ್ಪಾಡಲ್ಲ. ಮಾಸ್ತರ ಹಳೆಯ ಆಂಪ್ಲಿಫೈಯರ್ ಜಗಲಿಯಲ್ಲೇ ಇತ್ತು. ಉಪ್ಪುಗಾಳಿಗೆ ಅದರ ವಾಲ್ಯೂಮ್ ಕಂಟ್ರೋಲ್ ಕರಕರ ಎನ್ನತೊಡಗಿತು. ಆಮೇಲೆ ಸ್ಪೀಕರ್‌ಗೆ ಸಂಪರ್ಕ ಕೊಡುವ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಕೈಕೊಟ್ಟು ಒಂದು ಬದಿಯ ಸ್ಪೀಕರ್ ಸುಮ್ಮನಾಯಿತು. ಹೊಸದು ತಂದಾಗ ಅಕ್ಕೋರು ಅದನ್ನು ಒಳಗೇ ಇಡಿಸಿದರು. ಕಡಲ ದಂಡೆಯ ಮನೆಗಳಲ್ಲಿ ಇದು ಸರಿಯಾದ ಬುದ್ಧಿ. ಮಾಸ್ತರ ಹತ್ತಿರ ತಾಳಮದ್ದಳೆ, ಯಕ್ಷಗಾನದ ಸಿಡಿಗಳ ದೊಡ್ಡ ರಾಶಿಯೇ ಇದೆ. ಅವರಿಗೆ ಟಿವಿಗಿಂತ ಆಂಪ್ಲಿಫೈಯರ್ ಮುಖ್ಯ.

ತೊಂದರೆ ಬಂದದ್ದು ರಿಮೋಟ್‌ಗೆ. ಚಿರೇಕಲ್ಲಿನ ದಪ್ಪ ಗೋಡೆ, ಅದರಾಚೆ ಹಲಸಿನ ಮರದ ಬಾಗಿಲು. ರಿಮೋಟ್ ಕಳಿಸುವುದು ಬೆಳಕು, ಅದು ಇವೆರಡನ್ನೂ ದಾಟುವುದಿಲ್ಲ. ಮಾಸ್ತರಿಗೆ ಮೊಣಕಾಲು ನೋವು. ಚಾನೆಲ್ ಬದಲಿಸಲು ಪ್ರತಿ ಸಲ ಎದ್ದು ಒಳಗೆ ಹೋಗುವುದು ಆಗದ ಮಾತು. ಚೌತಿ ರಜೆಗೆ ಬಂದ ಮೊಮ್ಮಗ ಆನ್‌ಲೈನಿನಲ್ಲಿ ಒಂದು ಐಆರ್ (ಇನ್‌ಫ್ರಾರೆಡ್) ಎಕ್ಸ್‌ಟೆಂಡರ್ ಕಿಟ್, ಅಂದರೆ ರಿಮೋಟ್‌ನ ಸಂಕೇತವನ್ನು ಗೋಡೆಯಾಚೆ ದಾಟಿಸುವ ಸಾಧನ, ತರಿಸಿ ತಾನೇ ಕೂರಿಸಿ ಹೋದ. ಹುಡುಗ ಜಾಣ, ಕೆಲಸವೂ ಚೊಕ್ಕವಾಗಿಯೇ ಇತ್ತು. ಎರಡು ತಿಂಗಳು ಯಾವ ತಕರಾರೂ ಇರಲಿಲ್ಲ.

ನನಗೆ ಫೋನ್ ಬಂದದ್ದು ಡಿಸೆಂಬರ್‌ನಲ್ಲಿ. “ತಮ್ಮಾ, ಹಗಲು ಎಲ್ಲ ಸಮ ಇರ್ತದೆ. ಸಂಜೆ ಆಯ್ತು ಅಂದ್ರೆ ಹೇಳಿದ ಮಾತು ಕೇಳೂದಿಲ್ಲ. ಸೆಲ್ ಬದಲು ಮಾಡಿ ನೋಡಿದೆ, ರಿಮೋಟೂ ಬದಲು ಮಾಡಿದೆ,” ಎಂದರು ಮಾಸ್ತರು. ಇನ್ನೂ ಒಂದು ಮಾತು ಸೇರಿಸಿದರು. ಟಿವಿಯದೇ ರಿಮೋಟ್ ಮಾತ್ರ ಯಾವ ಹೊತ್ತಿಗೂ ಸರಿಯಾಗಿದೆ ಎಂದು. ಈ ಎರಡನೆಯ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಕಿಟ್ ಒಳಗೆ ಏನಿರುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ಕಣ್ಣು, ಅಂದರೆ ರಿಸೀವರ್. ಅದು ನಾವು ಕೂರುವ ಕೋಣೆಯಲ್ಲಿ ಇರಬೇಕು. ಒಂದು ಪುಟ್ಟ ಡಬ್ಬಿ, ಅಡಾಪ್ಟರ್ ಚುಚ್ಚುವುದು ಅದಕ್ಕೇ. ಡಬ್ಬಿಯಿಂದ ಹೊರಡುವ ತೆಳು ವೈರ್‌ಗಳ ತುದಿಯಲ್ಲಿ ಎಮಿಟರ್‌ಗಳು. ಇವು ಅಂಟಿಸುವ ಸಣ್ಣ ಎಲ್‌ಇಡಿಗಳು, ಒಂದೊಂದು ಉಪಕರಣದ ಮುಖಕ್ಕೆ ಒಂದೊಂದು. ರಿಮೋಟ್ ಒತ್ತಿದಾಗ ಅದರ ತುದಿಯ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ಅಲೆಯುದ್ದದ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತದೆ. ಸುಮ್ನೆ ಬೆಳಗುವುದಿಲ್ಲ, ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಹೆಚ್ಚಿನ ಉಪಕರಣಗಳಲ್ಲಿ ಈ ಲೆಕ್ಕ 36ರಿಂದ 40 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಕೋಣೆಯಲ್ಲಿ ಬೇರೆ ಬೆಳಕು ಎಷ್ಟೇ ಇದ್ದರೂ ಈ ವೇಗದಲ್ಲಿ ಮಿನುಗುವುದನ್ನು ಮಾತ್ರ ಹೆಕ್ಕಿ ತೆಗೆಯುವ ಫಿಲ್ಟರ್ ಕಣ್ಣಿನೊಳಗಿದೆ. ಡಬ್ಬಿ ಆ ಸಂಕೇತವನ್ನು ಎಮಿಟರ್‌ಗೆ ದಾಟಿಸುತ್ತದೆ, ಎಮಿಟರ್ ಕಪಾಟಿನೊಳಗೆ ಅದನ್ನೇ ಮತ್ತೆ ಮಿನುಗುತ್ತದೆ. ಎಕ್ಸ್‌ಟೆಂಡರ್‌ಗೆ ತನ್ನದೇ ಬುದ್ಧಿ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ಆಚೆ ಹೇಳುತ್ತದೆ, ಅಷ್ಟೇ. ಹಾಗಾಗಿ ಇಂಥ ದೂರು ಬಂದಾಗ ವೈರ್ ನೋಡುವ ಮೊದಲು ಕಣ್ಣಿಗೆ ಏನು ಬೀಳುತ್ತಿದೆ ಎಂದು ನೋಡಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಉಲ್ಟಾ. ಮೊದಲು ಅಡಾಪ್ಟರ್ ಬದಲಿಸುತ್ತಾರೆ, ಆಮೇಲೆ ಕಿಟ್ಟನ್ನೇ ಬದಲಿಸುತ್ತಾರೆ.

ಒಂದು ಸಂಜೆ ಪೂರ್ತಿ

ನಾನು ಹೋದದ್ದು ಮಧ್ಯಾಹ್ನ ಊಟ ಮುಗಿದ ಮೇಲೆ. ಆಗ ಎಲ್ಲವೂ ಸರಿಯಾಗಿತ್ತು. ಸಂಜೆಯ ದೂರಿಗೆ ಬೆಳಿಗ್ಗೆ ಹೋಗಿ ‘ಏನೂ ತೊಂದರೆ ಇಲ್ಲ’ ಎಂದು ಬರುವುದರಲ್ಲಿ ಅರ್ಥವಿಲ್ಲ. ರಾತ್ರಿಯವರೆಗೆ ಇರುತ್ತೇನೆ ಎಂದು ಮೊದಲೇ ಹೇಳಿದ್ದೆ. ಅಕ್ಕೋರು ಅವಲಕ್ಕಿ, ಚಹಾ ಕೊಟ್ಟರು.

ಬಿಡುವಿನ ಹೊತ್ತಿನಲ್ಲಿ ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು ಮೊಬೈಲ್ ಕ್ಯಾಮೆರಾದ್ದು. ಎಮಿಟರ್ ಎದುರು ಕ್ಯಾಮೆರಾ ಹಿಡಿದು ಮಾಸ್ತರಿಗೆ ಜಗಲಿಯಿಂದ ರಿಮೋಟ್ ಒತ್ತಲು ಹೇಳಿದೆ. ನಮ್ಮ ಕಣ್ಣಿಗೆ ಕಾಣದ ಬೆಳಕು ಫೋನಿನ ಪರದೆಯ ಮೇಲೆ ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಎಷ್ಟೋ ಫೋನ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಬಲವಾಗಿರುವುದರಿಂದ ಸೆಲ್ಫಿ ಕ್ಯಾಮೆರಾ ವಾಸಿ. ಮೂರು ಎಮಿಟರ್‌ಗಳೂ ಚೆನ್ನಾಗಿ ಮಿನುಗಿದವು. ಎರಡನೆಯದು ಡಬ್ಬಿಯ ಮೇಲಿನ ಸಣ್ಣ ದೀಪ ನೋಡುವುದು. ಕಣ್ಣಿಗೆ ಸಂಕೇತ ಬಿದ್ದಾಗಲೆಲ್ಲ ಅದು ಮಿನುಗುತ್ತದೆ. ನನಗೆ ಆ ಸಂಜೆ ಬೇಕಾಗಿದ್ದು ಈ ದೀಪ ಒಂದೇ. ಕಪಾಟಿನ ಬಾಗಿಲು ತೆಗೆದು ನಡುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ.

ಐದು ಗಂಟೆಗೆ ಸ್ವಲ್ಪ ಮುಂಚೆ ತಪ್ಪುವುದು ಶುರುವಾಯಿತು. ಮೂರು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ. ಐದೂಕಾಲಿನ ಹೊತ್ತಿಗೆ ಅದೂ ನಿಂತಿತು. ರಿಮೋಟ್ ಒತ್ತಿದರೂ ಡಬ್ಬಿಯ ದೀಪ ಮಿಸುಕಾಡಲಿಲ್ಲ. ಹೊರಗೆ ಬಂದು ನೋಡಿದರೆ ಕಾರಣ ಎದುರಿಗೇ ಇತ್ತು. ಇಳಿಬಿಸಿಲು ಜಗಲಿಯ ಗ್ರಿಲ್ ದಾಟಿ ನೇರ ಟಿವಿಯ ಗೋಡೆಗೆ ಬಡಿಯುತ್ತಿತ್ತು. ಮೊಮ್ಮಗ ಕಣ್ಣನ್ನು ಅಂಟಿಸಿದ್ದು ಟಿವಿಯ ಚೌಕಟ್ಟಿನ ಮೇಲಂಚಿಗೆ. ಪತ್ರಿಕೆ ಮಡಚಿ ಅದಕ್ಕೆ ನೆರಳು ಮಾಡಿದೆ. ಮಾಸ್ತರು ಒತ್ತಿದರು, ಚಾನೆಲ್ ಬದಲಾಯಿತು. ಪತ್ರಿಕೆ ತೆಗೆದರೆ ಮತ್ತೆ ಇಲ್ಲ.

ಬಿಸಿಲು 38 ಕಿಲೋಹರ್ಟ್ಸ್‌ನಲ್ಲಿ ಮಿನುಗುವುದಿಲ್ಲ, ಫಿಲ್ಟರ್ ಅದನ್ನು ತಡೆಯಬೇಕಲ್ಲ ಎಂದು ಯಾರಾದರೂ ಕೇಳಬಹುದು. ತಡೆಯುತ್ತದೆ, ನಿಜ. ಆದರೆ ಫಿಲ್ಟರ್‌ಗಿಂತ ಮುಂಚೆ ಇರುವುದು ಫೋಟೋಡಯೋಡ್, ಬೆಳಕನ್ನು ಕರೆಂಟಾಗಿ ಬದಲಿಸುವ ಭಾಗ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿದೆ. ಅದು ನೇರವಾಗಿ ಬಿದ್ದರೆ ಡಯೋಡ್‌ನಲ್ಲಿ ಕರೆಂಟ್ ಏರುತ್ತದೆ, ಜೊತೆಗೆ ಗದ್ದಲವೂ, ಅಂದರೆ ಸಂಕೇತಕ್ಕೆ ಸಂಬಂಧವಿಲ್ಲದ ಏರಿಳಿತವೂ, ಏರುತ್ತದೆ. ಕಣ್ಣಿನೊಳಗಿನ ಸರ್ಕ್ಯೂಟ್ ಗದ್ದಲ ಕಂಡರೆ ತನ್ನ ಸೂಕ್ಷ್ಮತೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹತ್ತು ಅಡಿಯಿಂದ ಬಂದ ರಿಮೋಟ್ ಬೆಳಕು ಆಗ ಅದಕ್ಕೆ ಸಾಲುವುದಿಲ್ಲ. ಟಿವಿಯ ಸ್ವಂತ ಕಣ್ಣು ಚೌಕಟ್ಟಿನ ಕೆಳಗಡೆ, ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ, ಒಳಗೆ ಸರಿದು ಕೂತಿದೆ. ಅದಕ್ಕೇ ಟಿವಿ ರಿಮೋಟ್‌ಗೆ ತೊಂದರೆ ಆಗಿರಲಿಲ್ಲ.

ಚೌತಿಯಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಎನ್ನುವುದೂ ಸುಲಭ. ಆಗ ಇಲ್ಲಿ ಮೋಡ, ಮಳೆ. ಚಳಿಗಾಲದಲ್ಲಿ ಆಕಾಶ ತಿಳಿ. ಮೇಲಾಗಿ ಡಿಸೆಂಬರ್‌ನಲ್ಲಿ ಸೂರ್ಯ ಸರಿಯಾಗಿ ಪಶ್ಚಿಮಕ್ಕೆ ಮುಳುಗುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಈ ಮನೆಯಲ್ಲಿ ಆ ದಿಕ್ಕಿಗೆ ತೆಂಗಿನ ಮರವೂ ಇಲ್ಲ, ಮಾಡಿನ ಇಳಿಜಾರಿನ ಅಡ್ಡಿಯೂ ಇಲ್ಲ.

ಇಷ್ಟಕ್ಕೇ ಎದ್ದು ಹೊರಡಬಹುದಿತ್ತು. ಆದರೆ ಮಾಸ್ತರು ರಾತ್ರಿ ವಾರ್ತೆಯ ಹೊತ್ತಿಗೂ ಹೀಗೇ ಎಂದಿದ್ದರು. ರಾತ್ರಿ ಬಿಸಿಲೆಲ್ಲಿಂದ ಬರಬೇಕು?

ಆರು ಗಂಟೆ ದಾಟಿ ಸೂರ್ಯ ಮುಳುಗಿದ. ರಿಮೋಟ್ ಮತ್ತೆ ಸರಿಯಾಯಿತು. ಮಾಸ್ತರು ಇದನ್ನು ಯಾವತ್ತೂ ಗಮನಿಸಿರಲಿಲ್ಲ, ಆ ಹೊತ್ತಿನಲ್ಲಿ ಅವರು ದಂಡೆಗೆ ತಿರುಗಾಡಲು ಹೋಗುವವರು. ಆರೂವರೆ ಸುಮಾರಿಗೆ ಅಕ್ಕೋರು ದೇವರಿಗೆ ದೀಪ ಹಚ್ಚಿ ಬಂದು ಜಗಲಿಯ ಲೈಟ್ ಹಾಕಿದರು. ಕೂಡಲೇ ಡಬ್ಬಿಯ ದೀಪ ತನ್ನಷ್ಟಕ್ಕೆ ಮಿನುಗತೊಡಗಿತು. ಯಾರೂ ರಿಮೋಟ್ ಮುಟ್ಟಿರಲಿಲ್ಲ.

ಅಂದರೆ ತೊಂದರೆ ಒಂದಲ್ಲ, ಎರಡು. ಮನೆಯವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಒತ್ತಿದರೆ ಕೇಳುವುದಿಲ್ಲ ಎಂದು. ಡಬ್ಬಿಯ ದೀಪ ಮಾತ್ರ ವ್ಯತ್ಯಾಸ ಹೇಳುತ್ತದೆ. ಬಿಸಿಲಿಗೆ ದೀಪ ಸತ್ತಂತೆ ಇತ್ತು, ಈಗ ನಿಲ್ಲುತ್ತಲೇ ಇಲ್ಲ. ಮೊದಲನೆಯದು ಕುರುಡು, ಎರಡನೆಯದು ಇಲ್ಲದ್ದನ್ನು ಕಾಣುವ ಕಾಯಿಲೆ.

ಮೊದಲು ಟಿವಿ ಆರಿಸಿ ನೋಡಿದೆ. ಹಳೆಯ ಪ್ಲಾಸ್ಮಾ ಟಿವಿಗಳ ಪರದೆಯೇ ಇನ್‌ಫ್ರಾರೆಡ್ ಗದ್ದಲ ಎಬ್ಬಿಸುತ್ತಿತ್ತು, ಕೆಲವು ಎಲ್‌ಸಿಡಿಗಳೂ ಹಾಗೆ. ಟಿವಿ ಆರಿದರೂ ಮಿನುಗು ನಿಲ್ಲಲಿಲ್ಲ. ಲೈಟ್ ಆರಿಸಿದೆ, ನಿಂತಿತು. ಸ್ಟೂಲ್ ಹತ್ತಿ ನೋಡಿದರೆ ಸುರುಳಿಯಾಕಾರದ ಹಳೆಯ ಸಿಎಫ್‌ಎಲ್ ಬಲ್ಬು. ಇದಿನ್ನೂ ಉಳಿದಿದೆಯಾ ಎಂದು ಕೇಳಿದ್ದಕ್ಕೆ ಅಕ್ಕೋರು, “ಉರೀತದಲ್ಲ, ಮತ್ತೆ ಯಾಕೆ ಬಿಸಾಡೂದು?” ಎಂದರು. ಕಪಾಟಿನಲ್ಲಿ ಅಂಥವು ಇನ್ನೂ ಮೂರ್ನಾಲ್ಕು ಇದ್ದವು.

ಸಿಎಫ್‌ಎಲ್ ಬುಡದಲ್ಲಿ ಎಲೆಕ್ಟ್ರಾನಿಕ್ ಚೋಕ್ ಇದೆ. ಅದು ಟ್ಯೂಬನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲದ ವೇಗದಲ್ಲಿ ಉರಿಸುತ್ತದೆ. ಬೆಳಕು ಅದೇ ಲೆಕ್ಕದಲ್ಲಿ ಏರಿಳಿಯುತ್ತದೆ, ಅದರಲ್ಲಿ ಸ್ವಲ್ಪ ಇನ್‌ಫ್ರಾರೆಡ್ ಕೂಡ ಸೇರಿರುತ್ತದೆ. ರಿಮೋಟ್‌ನ ವೇಗಕ್ಕೆ ಇದು ಎಷ್ಟು ಹತ್ತಿರವೋ ಫಿಲ್ಟರ್ ಅಷ್ಟು ಮೋಸ ಹೋಗುತ್ತದೆ. ಹಳೆಯ ತಾಮ್ರದ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಾತ್ರ ಏರಿಳಿಯುತ್ತದೆ, ಆದ್ದರಿಂದ ಅದು ನಿರಪಾಯಿ. ಬಿಳಿ ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ 940 ನ್ಯಾನೋಮೀಟರ್ ಆಸುಪಾಸು ಏನೂ ಇಲ್ಲವೆನ್ನುವಷ್ಟು ಕಡಿಮೆ.

ಗದ್ದಲ ಸೇರಿದರೆ ಬೇರೆ ಚಾನೆಲ್ ಬರುವ ಬದಲು ಏನೂ ಆಗದೆ ಇರುವುದಕ್ಕೂ ಕಾರಣವಿದೆ. ರಿಮೋಟ್ ಸಂಕೇತ ಕಳಿಸಲು ತುಂಬಾ ಕಡೆ ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯನ್ನೇ ನೋಡಿ. ಮೊದಲು 9 ಮಿಲಿಸೆಕೆಂಡಿನ ಉದ್ದ ಮಿನುಗು, ಆಮೇಲೆ 4.5 ಮಿಲಿಸೆಕೆಂಡು ಮೌನ, ನಂತರ 32 ಬಿಟ್‌ಗಳು, ಅಂದರೆ 0 ಅಥವಾ 1. ಆಜ್ಞೆಯನ್ನು ಒಂದು ಸಲ ನೆಟ್ಟಗೆ, ಇನ್ನೊಂದು ಸಲ 0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿ ಕಳಿಸುತ್ತಾರೆ. ಎರಡೂ ತಾಳೆಯಾಗದಿದ್ದರೆ ಉಪಕರಣ ಅದನ್ನು ಬಿಟ್ಟುಬಿಡುತ್ತದೆ. ಒಂದು ಬಿಟ್ ಕೆಟ್ಟರೂ ಇಡೀ ಸಂದೇಶ ಹೋಯಿತು. ಒತ್ತಿದವರಿಗೆ ರಿಮೋಟ್ ಸತ್ತಿದೆ ಎನಿಸುತ್ತದೆ.

ಮಾಡಿದ ಕೆಲಸ

ಬಲ್ಬು ಬದಲಿಸಲು ಐದು ನಿಮಿಷ ಸಾಕಾಯಿತು. ಸ್ಟಾಕಿನಲ್ಲಿದ್ದ ಸಿಎಫ್‌ಎಲ್‌ಗಳನ್ನು ಬಚ್ಚಲ ಮನೆಗೂ ಹಿತ್ತಿಲಿಗೂ ಹಾಕಿಕೊಳ್ಳಿ ಎಂದೆ. ಅಕ್ಕೋರಿಗೂ ಸಮಾಧಾನ.

ಕಣ್ಣಿನ ಜಾಗ ಹುಡುಕಲು ಹೊತ್ತು ಹಿಡಿಯಿತು. ಟಿವಿಯ ಗೋಡೆ ಪಶ್ಚಿಮಕ್ಕೆ ಮುಖ ಮಾಡಿದೆ, ಅಲ್ಲಿ ಎಲ್ಲೇ ಅಂಟಿಸಿದರೂ ಒಂದಲ್ಲ ಒಂದು ತಿಂಗಳು ಬಿಸಿಲು ಬೀಳುತ್ತದೆ. ದಕ್ಷಿಣದ ಗೋಡೆಯಲ್ಲಿ ಫೋಟೋಗಳನ್ನು ಇಟ್ಟ ಒಂದು ಮರದ ಹಲಗೆ ಇತ್ತು. ಅದರ ಅಡಿಗೆ, ಉತ್ತರಕ್ಕೆ ಮುಖ ಮಾಡಿ ಕಣ್ಣನ್ನು ಕೂರಿಸಿದೆ. ಚಳಿಗಾಲದ ಸೂರ್ಯ ನೈಋತ್ಯಕ್ಕೆ ಇಳಿಯುವಾಗ ಉತ್ತರ ನೋಡುವ ಕಣ್ಣಿಗೆ ಅವನು ಬೆನ್ನ ಹಿಂದೆ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ವಾಯುವ್ಯಕ್ಕೆ ಸರಿದಾಗ ಸ್ವಲ್ಪ ಓರೆಯಾಗಿ ತಗುಲಬಹುದು. ಅದಕ್ಕೆ ಪಶ್ಚಿಮದ ಬದಿಗೆ ಎರಡಿಂಚಿನ ಪ್ಲೈವುಡ್ ತುಂಡು ಹೊಡೆದೆ. ಜೂನ್‌ನಲ್ಲಿ ಆ ಚಿಂತೆಯೇ ಬೇಡ, ಆಗ ಇಲ್ಲಿ ಸೂರ್ಯನ ಮುಖ ನೋಡಿದವರು ಯಾರು?

ಮಾಸ್ತರು ಕೂರುವ ಕುರ್ಚಿಯಿಂದ ಈ ಕಣ್ಣು ನೇರ ಎದುರಿಗೆ ಇಲ್ಲ, ಬಲಗಡೆಗಿದೆ. ಆದರೂ ರಿಮೋಟನ್ನು ಟಿವಿಯ ಕಡೆಗೇ ಹಿಡಿದರೆ ಸಾಕು. ಸುಣ್ಣ ಬಳಿದ ಗೋಡೆಗೆ ಬಡಿದು ಮರಳುವ ಇನ್‌ಫ್ರಾರೆಡ್ ಆ ಕೋಣೆಗೆ ಧಾರಾಳವಾಯಿತು. ಅಂಟಿಸುವ ಮೊದಲು ಕಣ್ಣನ್ನು ಕೈಯಲ್ಲಿ ಹಿಡಿದು, ಒಬ್ಬರಿಂದ ರಿಮೋಟ್ ಒತ್ತಿಸಿ ನೋಡಿ. ಗೋಡೆಗೆ ತೂತು ಕೊರೆದ ಮೇಲೆ ಪಶ್ಚಾತ್ತಾಪ ಪಡುವುದು ಬೇಡ.

ಎಕ್ಸ್‌ಟೆಂಡರ್‌ಗಳಲ್ಲಿ ವೈರ್ ಬೇಡದ ರೇಡಿಯೋ ಮಾದರಿಯೂ ಸಿಗುತ್ತದೆ, ಅದನ್ನೇ ಹಾಕಬಹುದಲ್ಲ ಎಂದು ಮೊಮ್ಮಗ ಫೋನಿನಲ್ಲಿ ಕೇಳಿದ. ಹಾಕಬಹುದು, ಗೋಡೆಯನ್ನೂ ಅದು ದಾಟುತ್ತದೆ. ಆದರೆ ಜಗಲಿಯಲ್ಲಿ ಕೂರುವ ತುಂಡಿಗೆ ಇಂಥದ್ದೇ ಕಣ್ಣು ಇದೆ. ಬಿಸಿಲು, ಸಿಎಫ್‌ಎಲ್ ಅದಕ್ಕೂ ಅಷ್ಟೇ ಕಾಟ ಕೊಡುತ್ತಿದ್ದವು. ಟಿವಿಗೆ ಚಿತ್ರ, ಶಬ್ದ ಒಯ್ಯುವ ಎಚ್‌ಡಿಎಂಐ ಕೇಬಲ್ಲಿನಲ್ಲೇ ಆಜ್ಞೆ ಸಾಗಿಸುವ ಸಿಇಸಿ ಎಂಬ ಸೌಲಭ್ಯದ ಬಗ್ಗೆಯೂ ಕೇಳಿದ. ಅದಕ್ಕೆ ಎರಡೂ ತುದಿಯ ಉಪಕರಣ ಒಪ್ಪಬೇಕು. ಇವರ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಅದಿಲ್ಲ, ಸ್ಟೀರಿಯೋ ಆಂಪ್ಲಿಫೈಯರ್‌ಗೆ ಎಚ್‌ಡಿಎಂಐ ತೂತೇ ಇಲ್ಲ.

ವೈರಿಂಗ್ ವಿಷಯದಲ್ಲಿ ನನಗೆ ಸ್ವಲ್ಪ ಹಠ. ಹುಡುಗ 3.5 ಎಂಎಂ ಪಿನ್ನಿನ ಎಕ್ಸ್‌ಟೆನ್ಶನ್ ವೈರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದ ಮಾಡಿದ್ದ. ಸದ್ಯಕ್ಕೆ ನಡೆಯುತ್ತಿತ್ತು. ಆದರೆ ಜಗಲಿಯ ಕಡೆಯ ಪಿನ್ ಕಳಚಿ ನೋಡಿದರೆ ಮೂರೇ ತಿಂಗಳಲ್ಲಿ ಮಂಕಾಗಿತ್ತು, ಬುಡದಲ್ಲಿ ಹಸಿರು ಕಿಲುಬು. ಇನ್ನೊಂದು ಮಳೆಗಾಲಕ್ಕೆ ಅದು ಉಳಿಯುವುದಿಲ್ಲ. ಅದನ್ನೆಲ್ಲ ತೆಗೆದು ಒಂದೇ ಉದ್ದದ ಕ್ಯಾಟ್5ಇ ಕೇಬಲ್ ಎಳೆದೆ. ಇದು ಎಳೆಗಳನ್ನು ಜೋಡಿ ಜೋಡಿಯಾಗಿ ಹೊಸೆದ, ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್. ಕಣ್ಣಿಗೆ ಬೇಕಾದದ್ದು ಮೂರು ಎಳೆ: ಪವರ್, ಸಂಕೇತ, ಗ್ರೌಂಡ್. ಸಂಕೇತದ ಎಳೆ ಒಂದು ಜೋಡಿಯಲ್ಲಿ, ಅದರ ಜೊತೆಗಾರನಾಗಿ ಗ್ರೌಂಡ್. ಪವರ್ ಇನ್ನೊಂದು ಜೋಡಿಯಲ್ಲಿ, ಅಲ್ಲೂ ಗ್ರೌಂಡ್. ಪವರ್ ಮತ್ತು ಸಂಕೇತವನ್ನು ಒಂದೇ ಜೋಡಿಗೆ ಹೊಸೆಯಬಾರದು. ಸುಮಾರು 12 ಮೀಟರ್ ಓಟ. 24 ಗೇಜಿನ ತಾಮ್ರಕ್ಕೆ ಅಷ್ಟು ಉದ್ದಕ್ಕೆ ಒಂದು ಓಮ್ ಆಸುಪಾಸು ರೆಸಿಸ್ಟೆನ್ಸ್. ಕಣ್ಣು ಎಳೆಯುವುದು ಕೆಲವೇ ಮಿಲಿಆಂಪಿಯರ್, ಆದ್ದರಿಂದ ವೋಲ್ಟೇಜ್ ಇಳಿಕೆ ಲೆಕ್ಕಕ್ಕೇ ಬರುವುದಿಲ್ಲ.

ಎರಡೂ ತುದಿಯಲ್ಲಿ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದೆ. ತಿರುಚಿ ಟೇಪ್ ಸುತ್ತುವ ಪದ್ಧತಿ ಘಟ್ಟದ ಮೇಲೆ ನಡೆದೀತು, ಇಲ್ಲಿ ಬೇಡ. ಚಿರೇಕಲ್ಲಿನ ಗೋಡೆ ಕೊರೆಯಬೇಕಾಗಲಿಲ್ಲ, ಎಚ್‌ಡಿಎಂಐ ಕೇಬಲ್ ಹೋದ ತೂತಿನಲ್ಲೇ ಜಾಗವಿತ್ತು. ಜಗಲಿಯಲ್ಲಿ ಹೊಸ ಕೇಸಿಂಗ್ ಪಟ್ಟಿ ಹಾಕಿದೆ. ಕರೆಂಟಿನ ಪಟ್ಟಿಯೊಳಗೇ ತೂರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ 230 ವೋಲ್ಟಿನ ವೈರ್ ಪಕ್ಕ ಸಂಕೇತದ ವೈರ್ ಮಲಗಿಸುವುದು ಸುರಕ್ಷತೆಗೂ ಒಳ್ಳೆಯದಲ್ಲ, ಗದ್ದಲದ ದೃಷ್ಟಿಯಿಂದಲೂ ಅಲ್ಲ. ದಾಟಲೇಬೇಕಾದ ಒಂದು ಕಡೆ ಅಡ್ಡಕ್ಕೆ ದಾಟಿಸಿದೆ.

ಎಮಿಟರ್‌ಗಳು ಅಂದಾಜಿನ ಮೇಲೆ ಅಂಟಿದ್ದವು. ಉಪಕರಣದ ಕಪ್ಪು ಮುಖಕ್ಕೆ ಟಾರ್ಚ್ ಓರೆಯಾಗಿ ಬಿಟ್ಟರೆ ಒಳಗಿನ ಕಣ್ಣಿನ ಉಬ್ಬು ಕಾಣುತ್ತದೆ. ಸೆಟ್‌ಟಾಪ್ ಬಾಕ್ಸ್‌ನದು ಅಂಕಿ ತೋರಿಸುವ ಜಾಗದ ಎಡಕ್ಕಿತ್ತು, ಎಮಿಟರ್ ಬಲಕ್ಕಿತ್ತು. ಕಪಾಟಿನೊಳಗೆ ಪ್ರತಿಫಲಿಸಿದ ಬೆಳಕಿನಲ್ಲೇ ಇಷ್ಟು ದಿನ ನಡೆದಿತ್ತು. ಸ್ಪಿರಿಟ್‌ನಲ್ಲಿ ಒರೆಸಿ ಸರಿಯಾದ ಜಾಗಕ್ಕೆ ಅಂಟಿಸಿದೆ. ಆಂಪ್ಲಿಫೈಯರ್‌ದು ಉಲ್ಟಾ. ಎಮಿಟರ್ ಸರಿಯಾಗಿ ಕಣ್ಣಿನ ಮೇಲೇ ಕೂತು, ಬೆಳಕು ವಿಪರೀತವಾಗಿ ವಾಲ್ಯೂಮ್ ತಪ್ಪಿ ತಪ್ಪಿ ಏರುತ್ತಿತ್ತು. ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದ ಮೇಲೆ ನಯವಾಯಿತು.

ಟಿವಿಗೆ ಫೈರ್ ಟಿವಿ ಸ್ಟಿಕ್ ಒಂದಿದೆ. ಅದರ ರಿಮೋಟ್ ಸ್ಟಿಕ್ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ, ಅದಕ್ಕೆ ಎಕ್ಸ್‌ಟೆಂಡರ್ ಬೇಕಿಲ್ಲ. ಆದರೆ ಅದೇ ರಿಮೋಟಿನ ವಾಲ್ಯೂಮ್ ಬಟನ್ ಇನ್‌ಫ್ರಾರೆಡ್. ಅದನ್ನು ಆಂಪ್ಲಿಫೈಯರ್ ಕೋಡಿಗೆ ಹೊಂದಿಸಿದೆ. ಈಗ ಅದೂ ಈ ಕಣ್ಣಿನ ಮೂಲಕವೇ ಹೋಗುತ್ತದೆ.

ಮಾಳಿಗೆಯ ಕೋಣೆಗೆ ಅದೇ ಕಂಪನಿಯ ಇನ್ನೊಂದು ಸೆಟ್‌ಟಾಪ್ ಬಾಕ್ಸ್ ತರುವ ಯೋಚನೆ ಅವರಿಗಿದೆ. ಛತ್ರಿಯ (ಡಿಶ್ ಆಂಟೆನಾದ) ಕೇಬಲ್ ಇಳಿದದ್ದು ನಡುಮನೆಗೆ, ಹಾಗಾಗಿ ಅದನ್ನೂ ಈ ಕಪಾಟಿನಲ್ಲೇ ಇಡೋಣವೇ ಎಂದರು. ಬೇಡ ಎಂದೆ. ಎರಡೂ ಒಂದೇ ಕೋಡ್ ಕೇಳುವವು. ಮಾಸ್ತರು ಇಲ್ಲಿ ವಾರ್ತೆ ಹಾಕಿದರೆ ಮೇಲೆ ನೋಡುತ್ತಿರುವವರ ಕ್ರಿಕೆಟ್ಟೂ ವಾರ್ತೆಯಾಗುತ್ತದೆ. ಮೇಲಕ್ಕೇ ಒಂದು ಕೇಬಲ್ ಎಳೆಸುವುದು ಸುಲಭ.

ಮೇ ತಿಂಗಳಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಸಂಜೆ ಅವರ ಮನೆ ಹೊಕ್ಕೆ. ಬಿಸಿಲು ಪ್ಲೈವುಡ್ ತುಂಡಿನವರೆಗೆ ಬಂದು ನಿಂತಿತ್ತು, ರಿಮೋಟ್ ಸರಿಯಾಗಿತ್ತು. ಆಗಲೇ ಗುಡುಗು ಶುರುವಾಗಿದ್ದರಿಂದ ಮಾಸ್ತರಿಗೆ ಒಂದು ಮಾತು ಹೇಳಿದೆ. ಗುಡುಗುವ ಹೊತ್ತಿಗೆ ಬಾಕ್ಸ್‌ನ ಛತ್ರಿ ಕೇಬಲ್ ಮತ್ತು ಆಂಪ್ಲಿಫೈಯರ್ ಪ್ಲಗ್ ಕೀಳುವುದು ಅವರಿಗೆ ರೂಢಿ. ಎಕ್ಸ್‌ಟೆಂಡರ್‌ನ ಅಡಾಪ್ಟರ್ ಮಾತ್ರ ಹಿಂದೆ ಉಳಿದುಬಿಡುತ್ತದೆ, ಅದನ್ನೂ ಕೀಳಬೇಕು. ಅಕ್ಕೋರು ಅದನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ.